ರೇಸಿನ ಬೈಕಿನ ಮೇಲೆ ಒಂದು ಕಾಲು

ಆ ವರ್ಷ ಬೇಸಿಗೆ ಶುರುವಾಗುವಾಗಲೇ ಆಸ್ಪತ್ರೆಯ ವ್ಯಾನು ಕೈಕೊಟ್ಟಿತು. ಗ್ಯಾರೇಜಿನವರು ಇಂಜಿನು ಬಿಚ್ಚಿ ನೋಡಿ, ಇನ್ನು ಇದಕ್ಕೆ ಕೈ ಹಾಕಿ ಪ್ರಯೋಜನವಿಲ್ಲ ಎಂದರು. ದೂರದ ಊರುಗಳಿಗೆ ಹೋಗಿ ಕೃತಕ ಕಾಲು ಕಟ್ಟಿ ಬರುವ ನಮ್ಮ ಕೆಲಸ ಅಲ್ಲಿಗೆ ನಿಂತಿತು.

ನಾನಾಗ ಮಂಗಳೂರಿನ ಒಂದು ಆಸ್ಪತ್ರೆಯ ಕೃತಕ ಕಾಲಿನ ವಿಭಾಗದಲ್ಲಿದ್ದೆ. ವಿಭಾಗವೆಂದರೆ ಹೆಂಚಿನ ಮಾಡಿನ ಒಂದು ಉದ್ದ ಕೋಣೆ, ಒಂದು ಓವನ್ನು, ಕೆಲಸದ ಮೇಜು, ಮೂಲೆಯಲ್ಲಿ ಪ್ಲಾಸ್ಟರಿನ ಚೀಲಗಳು. ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಮರ ಮತ್ತು ತೊಗಲಿನ ಕಾಲುಗಳನ್ನು ಬಿಟ್ಟು ಪ್ಲಾಸ್ಟಿಕ್ ಪೈಪಿನಿಂದ ಕಾಲು ಮಾಡುವುದನ್ನು ನಾವು ಆಗಷ್ಟೇ ಕಲಿತಿದ್ದೆವು. ಉಳಿದ ತುಂಡುಗಾಲಿಗೆ ಪ್ಲಾಸ್ಟರ್ ಪಟ್ಟಿ ಸುತ್ತಿ ಅಳತೆಯ ಕವಚ ತೆಗೆಯುವುದು, ಅದರೊಳಗೆ ಪ್ಲಾಸ್ಟರ್ ಹೊಯ್ದು ಅಚ್ಚು ಮಾಡುವುದು, ಪೈಪನ್ನು ಓವನ್ನಿನಲ್ಲಿ ಮೆದುವಾಗಿಸಿ ಆ ಅಚ್ಚಿನ ಮೇಲೆ ಎಳೆಯುವುದು, ತಣಿದ ಮೇಲೆ ಒಳಗಿನ ಅಚ್ಚನ್ನು ಒಡೆದು ತೆಗೆಯುವುದು. ಹೀಗೆ ಆದ ಬಟ್ಟಲಿನೊಳಗೆ ತುಂಡುಗಾಲು ಕೂರುತ್ತದೆ. ಅದರ ಕೆಳಗೆ ಅದೇ ಪೈಪಿನ ಕೊಳವೆ, ತುದಿಗೆ ರಬ್ಬರಿನ ಪಾದ. ಅಳತೆಯಿಂದ ಹಿಡಿದು ರೋಗಿಯನ್ನು ನಡೆಸುವವರೆಗೆ ಎಲ್ಲ ಕೆಲಸಕ್ಕೂ ನಾನೊಬ್ಬನೇ. ಹಾಗಾಗಿ ಭಾನುವಾರ ಬಿಟ್ಟು ಬೇರೆ ದಿನ ಊರು ಬಿಡುವ ಹಾಗಿರಲಿಲ್ಲ.

ಸಿದ್ಧವಾಗಿ ಕಪಾಟಿನ ಮೇಲೆ ಕಾದಿದ್ದ ಕಾಲುಗಳಲ್ಲಿ ಒಬ್ಬ ಟೀಚರ ಎಡಗಾಲೂ ಇತ್ತು. ಬಿಕರ್ನಕಟ್ಟೆಯ ಕೊಂಕಣಿ ಕ್ರೈಸ್ತ ಮನೆಯವರು, ಮೂವತ್ತು ದಾಟದ ಹೆಂಗಸು. ಭಟ್ಕಳದಿಂದ ಪೂರ್ವಕ್ಕೆ, ಘಟ್ಟದ ಬುಡದ ಒಂದು ಊರಿನ ಖಾಸಗಿ ಶಾಲೆಯಲ್ಲಿ ಪಾಠ ಮಾಡುತ್ತಿದ್ದರು. ಅವರ ಅಕ್ಕನ ಗಂಡನ ಮನೆ ಅದೇ ಊರಿನಲ್ಲಿ. ಭಾವ ಮುಂಬಯಿಯಲ್ಲಿ ಹೋಟೆಲು ಕೆಲಸಕ್ಕಿದ್ದ. ಅಕ್ಕ ಮನೆಯಲ್ಲಿ ಬಟ್ಟೆ ಹೊಲಿಯುತ್ತಿದ್ದರು. ಟೀಚರ್ ಅಕ್ಕನ ಜೊತೆಗೇ ಇದ್ದರು. ಶಾಲೆಯಿಂದ ಬರುವ ದಾರಿಯಲ್ಲಿ ಹಾವು ಕಚ್ಚಿ, ಆಸ್ಪತ್ರೆಗೆ ತರುವಷ್ಟರಲ್ಲಿ ಕಾಲು ಕಪ್ಪಾಗಿ, ಮೊಣಕಾಲಿನ ಕೆಳಗೆ ಕತ್ತರಿಸಬೇಕಾಯಿತು. ಅಳತೆ ಕೊಟ್ಟು ಹಿಂದಿರುಗುವಾಗ ಊರುಗೋಲು ಜಾರಿ ಬಸ್ಸಿನ ಮೆಟ್ಟಿಲಿನಿಂದ ಬಿದ್ದರು. ತುದಿಯ ಗಾಯ ಮತ್ತೆ ಬಿರಿಯಿತು. ಆಮೇಲೆ ಬಸ್ಸೆಂದರೆ ಅವರು ನಡುಗುತ್ತಿದ್ದರು. ಶಾಲೆಯ ಆಡಳಿತದವರು ಮಾತ್ರ ಸ್ಪಷ್ಟವಾಗಿ ಹೇಳಿಕಳಿಸಿದ್ದರು: ಜೂನಿನಲ್ಲಿ ಶಾಲೆ ತೆರೆಯುವಾಗ ನಿಂತು ಪಾಠ ಮಾಡುವ ಹಾಗಿದ್ದರೆ ಬರಲಿ, ಇಲ್ಲದಿದ್ದರೆ ಬೇರೆಯವರನ್ನು ನೋಡುತ್ತೇವೆ.

ಬಸ್ಸಿನಲ್ಲಿ ಹೋಗಿ ಒಂದೇ ಭಾನುವಾರದಲ್ಲಿ ಕಾಲು ಕಟ್ಟಿ, ನಡೆಸಿ, ಹಿಂದಿರುಗಲು ಸಾಧ್ಯವಿರಲಿಲ್ಲ. ಭಟ್ಕಳದಿಂದ ಒಳಗೆ ಹೋಗುವ ಬಸ್ಸು ಸಂಜೆಗೆ ಹೋಗಿ ಅಲ್ಲೇ ಉಳಿಯುತ್ತಿತ್ತು. ನಾನು ಕೈಚೆಲ್ಲಿ ಕುಳಿತಿದ್ದಾಗ ನಮ್ಮ ವಾರ್ಡಿನ ಒಬ್ಬ ನರ್ಸಮ್ಮ ಬಂದರು. ಅವರೂ ಬಿಕರ್ನಕಟ್ಟೆಯವರು, ಟೀಚರ ಮನೆಯವರ ಜೊತೆ ಒಂದೇ ಇಗರ್ಜಿಗೆ ಹೋಗುವವರು.

"ನಿಮಗೆ ಬೈಕ್ ಬಿಡ್ಲಿಕ್ಕೆ ಬರ್ತದಲ್ಲ?" ಎಂದು ಕೇಳಿದರು.

"ಬರ್ತದೆ ಸಿಸ್ಟರ್. ಆದ್ರೆ ಬೈಕ್ ಎಲ್ಲುಂಟು?"

"ನಮ್ಮ ಮನೆಯಲ್ಲುಂಟು. ತಮ್ಮ ಬಹ್ರೇನಿಗೆ ಹೋದ ಮೇಲೆ ಸುಮ್ನೆ ನಿಂತಿದೆ. ತಕ್ಕೊಂಡು ಹೋಗಿ. ಒಂದೇ ಮಾತು, ಅದರದ್ದು ಒಂದು ಬೋಲ್ಟ್ ಸಹ ಕತ್ತರಿಸ್ಲಿಕ್ಕಿಲ್ಲ. ಅವನಿಗೆ ಅದು ಜೀವ."

ಹೊದಿಕೆ ತೆಗೆದಾಗ ನನಗೆ ಅರ್ಥವಾಯಿತು. ಎರಡು ಸಿಲಿಂಡರಿನ ಟೂ ಸ್ಟ್ರೋಕ್ ಗಾಡಿ. ಹುಡುಗ ರೇಸಿಗೆ ಇಳಿಯುತ್ತಿದ್ದನಂತೆ. ಹ್ಯಾಂಡಲ್ಲನ್ನು ತಗ್ಗಿಸಿದ್ದ, ಕಾಲಿಡುವ ರಾಡನ್ನು ಹಿಂದಕ್ಕೆ ಒಯ್ದಿದ್ದ, ಸೈಲೆನ್ಸರುಗಳನ್ನು ಎರಡೂ ಬದಿಯಲ್ಲಿ ಮೇಲಕ್ಕೆ ಎತ್ತಿ ಕಟ್ಟಿದ್ದ. ಉದ್ದ ಸೀಟು ತೆಗೆದು ಒಬ್ಬನೇ ಕೂರುವಷ್ಟು ತೆಳು ಸೀಟು ಹಾಕಿ, ಅದರ ಹಿಂದೆ ಗೂನಿನ ಹಾಗೆ ಎದ್ದ ತಗಡಿನ ಬಾಲ ಮಾಡಿಸಿದ್ದ. ನೋಡಲು ಚಂದ. ಅದರ ಮೇಲೆ ಒಂದು ತೆಂಗಿನಕಾಯಿ ಇಡಲೂ ಜಾಗವಿರಲಿಲ್ಲ.

ಶಕ್ತಿನಗರದ ನಮ್ಮ ಮನೆಗೆ ತಂದು ನಿಲ್ಲಿಸಿದಾಗ ನನ್ನ ಹೆಂಡತಿ ಒಂದು ಸುತ್ತು ನೋಡಿ, "ಇದರಲ್ಲಿ ಭಟ್ಕಳಕ್ಕಾ?" ಎಂದಳು. ನಾನು ಕಟ್ಟಲು ಸೈಕಲ್ ಟ್ಯೂಬು ಹುಡುಕತೊಡಗಿದೆ.

ಮೊದಲ ಭಾನುವಾರ ಕಾಲನ್ನು ಕಂಬಳಿಯಲ್ಲಿ ಸುತ್ತಿ, ಅದರ ಮೇಲೆ ಗೋಣಿ ಸುತ್ತಿ, ಆ ಗೂನಿನ ಮೇಲೆ ಅಡ್ಡಲಾಗಿ ಸೈಕಲ್ ಟ್ಯೂಬಿನಿಂದ ಬಿಗಿದು ಕಟ್ಟಿದೆ. ಹತಾರಗಳ ಚೀಲ ನನ್ನ ಬೆನ್ನಿಗೆ. ಕೂಳೂರಿನ ಸೇತುವೆ ದಾಟುವವರೆಗೆ ಎಲ್ಲವೂ ಸರಿಯಿತ್ತು. ಸುರತ್ಕಲ್ ಕಳೆದ ಮೇಲೆ ಮೈಯ ಭಾರವೆಲ್ಲ ಮಣಿಕಟ್ಟಿಗೆ ಇಳಿಯಿತು. ರೇಸಿನಲ್ಲಿ ಗಾಳಿಯೇ ಎದೆಯನ್ನು ಎತ್ತಿ ಹಿಡಿಯುತ್ತದೆ, ಆಗ ಕೈಗೆ ಭಾರವಿಲ್ಲ. ಹೊಂಡ ತಪ್ಪಿಸುತ್ತ ನಿಧಾನ ಹೋಗುವ ನನ್ನಂಥವನಿಗೆ ಆ ಭಾಗ್ಯವೂ ಇಲ್ಲ. ಬೆನ್ನಿನ ಚೀಲ ಹೆಗಲನ್ನು ಇನ್ನಷ್ಟು ಒತ್ತಿತು. ಉಡುಪಿಗೆ ಬರುವಾಗ ಬಲಗೈಯ ಕಿರುಬೆರಳು ಇದೆಯೋ ಇಲ್ಲವೋ ಗೊತ್ತಾಗದ ಹಾಗೆ ಜೋಮು ಹಿಡಿದಿತ್ತು. ಕುಂದಾಪುರದಲ್ಲಿ ಇಳಿದಾಗ ಮೊಣಕಾಲು ಬಿಡಿಸಲು ಬರಲಿಲ್ಲ. ಗಾಡಿಯನ್ನು ಅಪ್ಪಿಕೊಂಡೇ ಸ್ವಲ್ಪ ಹೊತ್ತು ನಿಂತೆ.

ಆದರೂ ಮಧ್ಯಾಹ್ನದೊಳಗೆ ತಲುಪಿದೆ. ಅಕ್ಕತಂಗಿಯರಿಬ್ಬರೂ ಜಗಲಿಯಲ್ಲಿ ಕಾಯುತ್ತಿದ್ದರು. ಟೀಚರ್ ಒಳ್ಳೆಯ ಸೀರೆ ಉಟ್ಟಿದ್ದರು. ಗೋಣಿ ಬಿಚ್ಚಿ, ಕಂಬಳಿ ಬಿಡಿಸಿ ಕಾಲನ್ನು ಹೊರತೆಗೆದೆ. ಮೇಲಿನ ಬಟ್ಟಲು ಒಂದು ಬದಿಗೆ ಚಪ್ಪಟೆಯಾಗಿ ಬಾಯಿ ಮುಚ್ಚಿಕೊಂಡಿತ್ತು. ದಾರಿಯುದ್ದಕ್ಕೂ ಅದು ಬಲಗಡೆಯ ಸೈಲೆನ್ಸರಿನ ಸರಿ ಮೇಲೆ ಇತ್ತು. ಕೆಳಗಿನಿಂದ ಕಾವು, ಮೇಲಿನಿಂದ ಟ್ಯೂಬಿನ ಬಿಗಿತ. ಓವನ್ನಿನಲ್ಲಿ ನಾವು ಮಾಡಿದ್ದನ್ನು ರಸ್ತೆ ನಿಧಾನವಾಗಿ ಅಳಿಸಿಹಾಕಿತ್ತು.

"ಇದು ನನ್ನದಾ?" ಎಂದರು ಟೀಚರ್.

"ನಿಮ್ಮದೇ. ಆದ್ರೆ ಇದು ಹಾಳಾಗಿದೆ."

"ಸ್ವಲ್ಪ ಒತ್ತಿ ಹಾಕಿದ್ರೆ ಹೋಗುದಿಲ್ವಾ?"

ಒತ್ತಿ ಹಾಕಿದರೆ ಚರ್ಮ ಕಿತ್ತುಬರುತ್ತದೆ ಎಂದು ಹೇಳಿದೆ. ಒಳಗಿನ ಅಚ್ಚನ್ನು ಒಡೆದಾಗಿತ್ತು, ಮತ್ತೆ ಬಿಸಿ ಮಾಡಿ ಅದೇ ಆಕಾರಕ್ಕೆ ತರುವ ದಾರಿಯೂ ಇರಲಿಲ್ಲ. ಮಾಡಬಹುದಾದದ್ದು ಒಂದೇ, ಹೊಸ ಅಳತೆ. ಚೀಲದಲ್ಲಿ ಪ್ಲಾಸ್ಟರ್ ಪಟ್ಟಿ ಇತ್ತು. ಅಕ್ಕ ಬಾಲ್ದಿಯಲ್ಲಿ ನೀರು ತಂದರು. ಟೀಚರ ತುಂಡುಗಾಲು ಆಗ ಒಳ್ಳೆಯ ಸ್ಥಿತಿಯಲ್ಲಿತ್ತು; ಗಾಯ ಮಾಗಿತ್ತು, ಮೊಣಕಾಲು ಪೂರ್ತಿ ಚಾಚುತ್ತಿತ್ತು. ಅದನ್ನು ಹಾಗೆಯೇ ನೇರವಾಗಿ ಇಟ್ಟುಕೊಳ್ಳಬೇಕು, ಮಡಚಿ ಕೂರಬಾರದು ಎಂದು ಹೇಳಿ ಪಟ್ಟಿ ಸುತ್ತಿದೆ. ಕವಚ ಗಟ್ಟಿಯಾಗುವವರೆಗೆ ಕೈಯಿಂದ ನೀವುತ್ತ ಕೂತೆ.

ಹಸಿಯಾಗಿದ್ದ ಆ ಕವಚವನ್ನು ಹಿಂದೆ ಕಟ್ಟುವ ಧೈರ್ಯ ಬರಲಿಲ್ಲ. ಬಗ್ಗಿಯೇ ಕೂರಬೇಕಾದ ಗಾಡಿ ತಾನೇ. ನನ್ನ ಎದೆಗೂ ಪೆಟ್ರೋಲ್ ಟ್ಯಾಂಕಿಗೂ ನಡುವೆ ಟವಲು ಹಾಸಿ ಅದನ್ನು ಇಟ್ಟುಕೊಂಡು, ಮಗುವನ್ನು ತರುವ ಹಾಗೆ ಮಂಗಳೂರಿನವರೆಗೆ ತಂದೆ. ಅದು ಮಾತ್ರ ಕೆಡಲಿಲ್ಲ.

ಹೊಸ ಕಾಲು ಮಾಡುವುದು ನನ್ನ ಕೈಯಲ್ಲಿತ್ತು. ಅದನ್ನು ಕೆಡದ ಹಾಗೆ ಒಯ್ಯುವುದು ಹೇಗೆಂಬುದೇ ಪ್ರಶ್ನೆ. ಕೂಳೂರಿನ ಹೆದ್ದಾರಿ ಬದಿಯಲ್ಲಿ ಲಾರಿಗಳ ಕೆಲಸ ಮಾಡುವ ಒಬ್ಬ ವೆಲ್ಡಿಂಗಿನವರಿದ್ದರು, ಬ್ಯಾರಿ ಮುಸಲ್ಮಾನರು. ಗಾಡಿಯನ್ನು ಅವರ ಹತ್ತಿರ ಒಯ್ದೆ. ಅವರು ಕುಕ್ಕುರುಗಾಲಿನಲ್ಲಿ ಕೂತು ಹಿಂದಿನ ಚಕ್ರದ ಮೇಲೆ ಕೈಯಾಡಿಸಿ ಹೇಳಿದರು: "ಇದು ಓಡ್ಲಿಕ್ಕೆ ಮಾಡಿದ ಗಾಡಿ ಮಾರಾಯ್ರೇ, ಹೊರ್ಲಿಕ್ಕೆ ಅಲ್ಲ. ಕ್ಯಾರಿಯರ್ ಕೂರಿಸ್ಬೇಕಾದ್ರೆ ಈ ಬಾಲ ತೆಗೀಬೇಕು."

"ಅದು ಆಗುದಿಲ್ಲ. ಒಂದೂ ಕತ್ತರಿಸ್ಬಾರ್ದು ಅಂತ ಮಾತು ಕೊಟ್ಟಿದ್ದೇನೆ."

"ಹಾಗಾದ್ರೆ ಕ್ಲ್ಯಾಂಪ್ ಹಾಕಿ ನಿಲ್ಲಿಸ್ಬೇಕು. ನಿಲ್ತದೆ ಅಂತ ನಾನು ಹೇಳುದಿಲ್ಲ."

ಬಾಲದ ಮೇಲಿನಿಂದ ಬಳಸಿಕೊಂಡು ಹೋಗುವ ಎತ್ತರದ ಕ್ಯಾರಿಯರು ಮಾಡಿದರು. ಕೆಳಗೆ ಷಾಕ್ ಅಬ್ಸಾರ್ಬರಿನ ಬೋಲ್ಟಿಗೆ ಎರಡು ಆಸರೆ ಕಂಬಿ, ಹಿಂದೆ ಚಾಸಿಯ ಪೈಪಿಗೆ ಎರಡು ಕ್ಲ್ಯಾಂಪು. ಅದರ ಮೇಲೆ ನಾನು ಪ್ಲೈವುಡ್ಡಿನ ಪೆಟ್ಟಿಗೆ ಮಾಡಿ, ಒಳಗೆ ಫೋಮು ಹಾಸಿ, ಕಾಲು ಅಲುಗದ ಹಾಗೆ ಗುಂಡಿ ಕೊರೆದೆ. ಸೈಲೆನ್ಸರಿನ ಕಡೆಗೆ ಕಾವು ತಡೆಯಲು ಕಲ್ನಾರಿನ ತುಂಡು ಹೊಡೆದೆ. ಕಾಲಿನ ಬದಲು ಮರಳಿನ ಚೀಲ ಹಾಕಿ ಕೂಳೂರಿನಿಂದ ಸುರತ್ಕಲ್ಲಿಗೆ ಓಡಿಸಿ ನೋಡಿದೆ. ಸ್ವಲ್ಪ ವೇಗ ಹಿಡಿದ ಕೂಡಲೇ ಹ್ಯಾಂಡಲ್ಲು ತಾನಾಗಿ ಎಡಬಲ ಅಲ್ಲಾಡತೊಡಗಿತು. ಭಾರ ಎತ್ತರದಲ್ಲಿ, ಹಿಂದಿನ ಚಕ್ರದ ಅಚ್ಚಿಗಿಂತಲೂ ಹಿಂದೆ ಕೂತಿತ್ತು. ಮುಂದಿನ ಚಕ್ರ ನೆಲವನ್ನು ಸರಿಯಾಗಿ ಹಿಡಿಯುತ್ತಿರಲಿಲ್ಲ. ಹತಾರ, ಡ್ರಿಲ್ಲು, ಪ್ಲಾಸ್ಟರ್ ಎಲ್ಲವನ್ನೂ ಮುಂದಕ್ಕೆ ತರಬೇಕಾಯಿತು. ಟಾರ್ಪಾಲಿನಿಂದ ಎರಡು ಚೀಲ ಹೊಲಿಸಿ ಟ್ಯಾಂಕಿನ ಎರಡೂ ಬದಿಗೆ ನೇತುಹಾಕಿದೆ. ಗುಜರಿಯಲ್ಲಿ ಸಿಕ್ಕಿದ ಹಳೆಯ ಬೈಕಿನ ಎತ್ತರದ ಹ್ಯಾಂಡಲ್ಲು ತಂದು ಕೂರಿಸಿದೆ, ತೆಗೆದದ್ದನ್ನು ಜೋಪಾನವಾಗಿ ಇಟ್ಟೆ. ತೆಳು ಸೀಟಿನ ಮೇಲೆ ರಬ್ಬರು ಹಾಕಿದ ತೆಂಗಿನ ನಾರಿನ ಹಾಳೆ, ಅದರ ಮೇಲೆ ಫೋಮು, ಮೇಲೆ ರೆಕ್ಸಿನ್. ಬರೀ ಫೋಮು ಒಳ್ಳೆಯದಲ್ಲ. ಕುಳಿತ ಸ್ವಲ್ಪ ಹೊತ್ತಿಗೆ ಅದು ಸೋತು ಕೆಳಗಿನ ತಗಡು ಚುಚ್ಚುತ್ತದೆ. ಇದೆಲ್ಲ ರೋಗಿಗಳ ಕಾಲಿನ ಬಟ್ಟಲಿಗೆ ಮೆತ್ತೆ ಇಡುವಾಗ ಕಲಿತದ್ದು.

ಎರಡನೆಯ ಪ್ರಯಾಣ ಮೇ ತಿಂಗಳ ಸುಡುಬಿಸಿಲಿನಲ್ಲಿ. ಬೆನ್ನು ನೇರವಾಗಿತ್ತು, ಕೈಗೆ ಜೋಮು ಇರಲಿಲ್ಲ. ಕುಂದಾಪುರ ದಾಟಿದಾಗ, ಈ ಸಲ ಆಯಿತು ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಬೈಂದೂರಿಗೆ ಇನ್ನೂ ದೂರವಿರುವಾಗ ಹಿಂದಿನಿಂದ ಮರ ಸಿಗಿದ ಹಾಗೆ ಸದ್ದಾಯಿತು. ಗಾಡಿ ಎಡಕ್ಕೆ ಎಳೆಯಿತು. ಹೇಗೋ ನಿಲ್ಲಿಸಿ ನೋಡಿದರೆ ಎಡಬದಿಯ ಕ್ಲ್ಯಾಂಪು ನಡುಕಕ್ಕೆ ಬಿರಿದು ತುಂಡಾಗಿತ್ತು. ಕ್ಯಾರಿಯರು ವಾಲಿ ಪೆಟ್ಟಿಗೆಯ ಅಡಿ ಚಕ್ರಕ್ಕೆ ತಗುಲಿತ್ತು. ಟಯರು ಪ್ಲೈವುಡ್ಡನ್ನು ಕೊರೆದು ಒಳಗೆ ಹೋಗಿ ರಬ್ಬರಿನ ಪಾದವನ್ನು ಬೆರಳಿನಿಂದ ಹಿಮ್ಮಡಿಯವರೆಗೆ ಜಗಿದು ಹಾಕಿತ್ತು. ಕೊಳವೆಯೂ ಬಿರುಕು ಬಿಟ್ಟಿತ್ತು.

ರಸ್ತೆ ಬದಿಯ ಮೋರಿಯ ಕಟ್ಟೆಯ ಮೇಲೆ ಕೂತೆ. ಬಿಸಿಲಿಗೆ ಟಾರು ಹೊಳೆಯುತ್ತಿತ್ತು. ಅಲ್ಲಿ ಘಟ್ಟದ ಬುಡದಲ್ಲಿ ಇಬ್ಬರು ಹೆಂಗಸರು ಜಗಲಿಯಲ್ಲಿ ಕೂತು ಗಾಡಿಯ ಸದ್ದಿಗೆ ಕಿವಿ ಕೊಟ್ಟಿರುತ್ತಾರೆ; ಅವರಿಗೆ ತಿಳಿಸಲು ಫೋನಿಲ್ಲ. ಬರಿಗೈಯಲ್ಲಿ ಅವರ ಮುಂದೆ ಹೋಗಿ ನಿಲ್ಲುವುದು ನನ್ನಿಂದ ಆಗಲಿಲ್ಲ. ಒಬ್ಬ ಲಾರಿ ಡ್ರೈವರು ನಿಲ್ಲಿಸಿ, ಕಟ್ಟುಕಂಬಿ ಕೊಟ್ಟು, ಪೆಟ್ಟಿಗೆಯೊಳಗೆ ಇಣುಕಿ ನೋಡಿದ. "ಇದು ಎಂತ, ಕಾಲಾ?" ಎಂದು ಕೇಳಿ, ನನ್ನ ಮುಖ ನೋಡಿ ಲಾರಿ ಹತ್ತಿದ. ನಾನು ಗಾಡಿ ತಿರುಗಿಸಿದೆ.

ಮರುದಿನ ವಿಭಾಗದ ಡಾಕ್ಟರ ಮುಂದೆ ಹೋಗಿ ಇದು ನನ್ನ ಕೈಲಾಗುವುದಿಲ್ಲ ಎಂದೆ. ಅವರು ಒಳ್ಳೆಯವರು, ಗದರಲಿಲ್ಲ. "ಮುಂದಿನ ವರ್ಷ ಬೇರೆ ವ್ಯಾನು ಬರಬಹುದು, ಆಗ ನೋಡುವ. ನೀವು ಸುಮ್ಮನೆ ಮೈ ಹಾಳು ಮಾಡಿಕೊಳ್ಳಬೇಡಿ" ಎಂದರು. ನನಗೆ ಸಮಾಧಾನವಾಗಬೇಕಿತ್ತು. ಆದರೆ ಟೀಚರ ಶಾಲೆ ತೆರೆಯುವುದು ಜೂನಿನಲ್ಲಿ, ಮುಂದಿನ ವರ್ಷವಲ್ಲ. ಆ ವಾರವಿಡೀ ಕೈ ತನ್ನಷ್ಟಕ್ಕೆ ಕೆಲಸ ಮಾಡುತ್ತಿತ್ತು. ಎರಡನೆಯ ಕಾಲು ಮಾಡುವಾಗ ಅಚ್ಚನ್ನು ಒಡೆಯದೆ ಉಳಿಸಲು ಬಟ್ಟಲನ್ನು ಹಿಂಬದಿಯಲ್ಲಿ ಸೀಳಿ ತೆಗೆದು, ಆಮೇಲೆ ಸೀಳನ್ನು ಬೆಸೆದಿದ್ದೆ. ಹಾಗಾಗಿ ಮೂರನೆಯ ಕಾಲಿಗೆ ಬೇಕಾದ ಅಚ್ಚು ಇತ್ತು. ಯಾಕೆ ಮಾಡುತ್ತಿದ್ದೇನೆಂದು ನನಗೇ ತಿಳಿಯದೆ ಅದನ್ನೂ ಮಾಡಿ ಮುಗಿಸಿದೆ.

ನರ್ಸಮ್ಮ ಒಂದು ದಿನ ಡ್ಯೂಟಿ ಮುಗಿಸಿ ಬಂದವರು ಚಕ್ರ ಜಗಿದ ಆ ಪಾದವನ್ನು ಕೈಯಲ್ಲಿ ಹಿಡಿದು ನೋಡಿದರು. ನನಗೆ ಬೈಕಿನ ಕೀಲಿ ವಾಪಸು ಕೊಡಬೇಕೆಂದಿತ್ತು. ಜೇಬಿನಿಂದ ತೆಗೆದು ಮೇಜಿನ ಮೇಲಿಟ್ಟೆ. ಅವರು ಅದನ್ನು ಮುಟ್ಟಲಿಲ್ಲ.

"ಎಂತ ಮಾಡಿದ್ರೆ ಇದು ಮುರಿಯುದಿಲ್ಲ, ಹೇಳಿ" ಎಂದರು.

"ಬಾಲ ಕತ್ತರಿಸ್ಬೇಕು. ಚಾಸಿಗೇ ಕ್ಯಾರಿಯರ್ ವೆಲ್ಡ್ ಮಾಡ್ಬೇಕು. ಹಾಗೆ ಮಾಡಿದ್ರೆ ಅದು ಮತ್ತೆ ರೇಸಿನ ಗಾಡಿ ಆಗುದಿಲ್ಲ ಸಿಸ್ಟರ್."

ಅವರು ಸ್ವಲ್ಪ ಹೊತ್ತು ಆ ಪಾದವನ್ನೇ ತಿರುಗಿಸುತ್ತಿದ್ದರು. "ಕತ್ತರಿಸಿ" ಎಂದರು. "ತಮ್ಮನಿಗೆ ನಾನು ಹೇಳ್ತೇನೆ."

ಕೂಳೂರಿಗೆ ಅವರೂ ಬಂದರು. ಬಿಳಿ ಸೀರೆಯಲ್ಲೇ, ಲಾರಿಗಳ ನಡುವೆ ನಿಂತು ನೋಡಿದರು. ವೆಲ್ಡಿಂಗಿನವರು ಗರಗಸ ಕೈಗೆತ್ತಿಕೊಂಡು ಅವರ ಮುಖ ನೋಡಿ, "ಕೊಯ್ಯುದಾ ಬಾಯಮ್ಮ?" ಎಂದು ಇನ್ನೊಮ್ಮೆ ಕೇಳಿದರು. ನರ್ಸಮ್ಮ ತಲೆಯಾಡಿಸಿದರು. ತಗಡಿನ ಬಾಲ ಕಳಚಿ ಬಿದ್ದಾಗ ಮಾತ್ರ ಒಮ್ಮೆ ಆಚೆ ತಿರುಗಿದರು. ಈ ಸಲ ಮೂಲೆಗಳಲ್ಲಿ ಬೆಸುಗೆಯೇ ಇಲ್ಲದ ಹಾಗೆ, ಒಂದೇ ಪೈಪನ್ನು ಮರಳು ತುಂಬಿ ಬಗ್ಗಿಸಿ ಕ್ಯಾರಿಯರು ಮಾಡಿದೆವು. ಅದನ್ನು ತಗ್ಗಿಸಿ, ಚಕ್ರದ ಅಚ್ಚಿಗಿಂತ ಮುಂದಕ್ಕೆ ತಂದೆವು. ಚಾಸಿಗೆ ಬೋಲ್ಟು ಕೂರುವ ತೂತಿನ ಕಿವಿಗಳನ್ನು ಬೆಸೆದು, ಬೋಲ್ಟುಗಳ ಕೆಳಗೆ ಲಾರಿಯ ಹಳೆಯ ರಬ್ಬರ್ ಬುಷ್ ಕತ್ತರಿಸಿ ಇಟ್ಟೆವು. ಸೈಲೆನ್ಸರುಗಳನ್ನು ಕೆಳಕ್ಕಿಳಿಸಿದೆವು. ಮುಗಿದಾಗ ಅದು ಪೇಪರು ಹಂಚುವವನ ಗಾಡಿಯ ಹಾಗೆ ಕಾಣುತ್ತಿತ್ತು.

ನಡೆದದ್ದನ್ನೂ ಬರುವ ದಿನವನ್ನೂ ಟೀಚರಿಗೆ ಕಾರ್ಡಿನಲ್ಲಿ ಬರೆದು, ಮೂರನೆಯ ಸಲ ಹೊರಟದ್ದು ಶಾಲೆ ತೆರೆಯುವ ಹಿಂದಿನ ದಿನ, ಭಾನುವಾರ. ಮೊದಲ ಮಳೆ ಬಿದ್ದು ರಸ್ತೆ ಒದ್ದೆಯಾಗಿತ್ತು. ಪೆಟ್ಟಿಗೆಗೆ ಟಾರ್ಪಾಲು ಹೊದೆಸಿದ್ದೆ. ಗಾಡಿ ಒಮ್ಮೆಯೂ ಅಲ್ಲಾಡಲಿಲ್ಲ. ಬೆನ್ನು ನೋಯಲಿಲ್ಲ, ಕೈ ಮರಗಟ್ಟಲಿಲ್ಲ. ಅಷ್ಟು ಹಾಯಾಗಿ ನಾನು ಯಾವ ವಾಹನದಲ್ಲೂ ಅಷ್ಟು ದೂರ ಹೋದದ್ದಿಲ್ಲ. ಮನೆಯ ಮುಂದೆ ನಿಲ್ಲಿಸಿ ಪೆಟ್ಟಿಗೆ ತೆರೆದೆ. ಕಾಲು ಇಟ್ಟ ಹಾಗೆಯೇ ಇತ್ತು. ಒಂದು ಗೀರೂ ಬಿದ್ದಿರಲಿಲ್ಲ.

ಟೀಚರ್ ಬೆತ್ತದ ಕುರ್ಚಿಯಲ್ಲಿ ಕೂತಿದ್ದರು. "ಬಂದ್ರಾ?" ಎಂದು ನಕ್ಕರು. ನಾನು ನೆಲದಲ್ಲಿ ಕೂತು ಅವರ ತುಂಡುಗಾಲಿಗೆ ಉಣ್ಣೆಯ ಕಾಲುಚೀಲ ತೊಡಿಸಿ, "ನೇರ ಮಾಡಿ" ಎಂದೆ.

"ಇಷ್ಟೇ ಆಗುದು" ಎಂದರು.

ಮೊಣಕಾಲು ಮಡಚಿಕೊಂಡೇ ಇತ್ತು. ನಾನು ಕೈಯಿಂದ ಮೆಲ್ಲಗೆ ಚಾಚಲು ನೋಡಿದೆ. ಒಂದು ಹಂತದ ಮೇಲೆ ಅದು ಬರಲಿಲ್ಲ. ಟೀಚರ್ ಕುರ್ಚಿಯ ಕೈ ಹಿಡಿದು ಹಲ್ಲು ಕಚ್ಚಿದರು. ಮೊಣಕಾಲಿನ ಹಿಂದಿನ ಸ್ನಾಯು ಬಿಗಿದು ಹಗ್ಗದ ಹಾಗೆ ಕೈಗೆ ಸಿಕ್ಕುತ್ತಿತ್ತು.

"ತುಂಬ ನೋವು ಅಂತ ಹೇಳ್ತಾ ಇದ್ಲು" ಎಂದರು ಅಕ್ಕ, ಬಾಗಿಲಿನಲ್ಲಿ ನಿಂತು. "ಮಲಗುವಾಗ ಮೊಣಕಾಲಿನ ಅಡಿಗೆ ದಿಂಬು ಇಟ್ಟೆ. ದಿಂಬು ಇಟ್ರೆ ಅವಳಿಗೆ ನಿದ್ದೆ ಬರ್ತಿತ್ತು. ಮಾಡ್ಬಾರ್ದಿತ್ತಾ?"

ರಾತ್ರಿಯಿಡೀ ಮಡಚಿ ಇಟ್ಟ ಮೊಣಕಾಲು ಹಾಗೆಯೇ ಬಿಗಿದುಕೊಂಡಿತ್ತು. ಎರಡು ತಿಂಗಳು ಅವರು ತಂಗಿಗೆ ಸುಖವಾಗಲೆಂದು ಇಟ್ಟ ದಿಂಬು. ಮೊದಲ ಭಾನುವಾರವೇ ಕಾಲು ಸರಿಯಾಗಿ ತಲುಪಿದ್ದರೆ ದಿಂಬು ಇಡುವ ಪ್ರಸಂಗವೇ ಬರುತ್ತಿರಲಿಲ್ಲ. "ನೀವು ಎಂತ ಮಾಡುದು ಅಕ್ಕ, ನೋವಿದ್ರೆ ಎಲ್ಲರೂ ಹಾಗೇ ಮಾಡ್ತಾರೆ" ಎಂದಷ್ಟೇ ಹೇಳಿದೆ.

ನೇರ ಮೊಣಕಾಲಿಗೆಂದು ಮಾಡಿದ ಕಾಲು ಮಡಚಿದ ಮೊಣಕಾಲಿಗೆ ಕಟ್ಟಿದರೆ ಪಾದ ಹಿಂದಕ್ಕೆ, ಗಾಳಿಯಲ್ಲಿ ನಿಲ್ಲುತ್ತದೆ. ವ್ಯಾಯಾಮ ಮಾಡಿಸಿ, ತೂಕ ಕಟ್ಟಿ ಎಳೆದು, ನಿಧಾನವಾಗಿ ಮೊಣಕಾಲನ್ನು ನೇರ ಮಾಡುವುದು ಸರಿಯಾದ ಕ್ರಮ. ಅದಕ್ಕೆ ತಿಂಗಳುಗಳು ಬೇಕು. ಶಾಲೆ ಮರುದಿನ ತೆರೆಯುತ್ತದೆ ಎಂಬುದಷ್ಟೇ ನನ್ನ ತಲೆಯಲ್ಲಿತ್ತು. ಅಂಗಳಕ್ಕೆ ಇಳಿದು ಸ್ವಲ್ಪ ಹೊತ್ತು ಗಾಡಿಯ ಹತ್ತಿರ ನಿಂತೆ. ಇಷ್ಟು ಪಾಡು ಪಟ್ಟು ಗೀರು ಬೀಳದ ಹಾಗೆ ತಂದದ್ದನ್ನು ಈಗ ನಾನೇ ಕಡಿಯಬೇಕು. ಬೇರೆ ದಾರಿ ಕಾಣಲಿಲ್ಲ. ಟ್ಯಾಂಕಿನ ಚೀಲದಿಂದ ಗರಗಸ ತೆಗೆದೆ.

ಬಟ್ಟಲಿನ ಕೆಳಗೆ ಅಡ್ಡಕ್ಕೆ ಕೊಯ್ದೆ. ಟೀಚರನ್ನು ಬಾಗಿಲ ಚೌಕಟ್ಟು ಹಿಡಿದು ನಿಲ್ಲಿಸಿ, ಮಡಚಿದ ಮೊಣಕಾಲು ಹೇಗಿದೆಯೋ ಹಾಗೆ ಬಟ್ಟಲು ಕೂರಿಸಿ, ಕೆಳಗಿನ ಕೊಳವೆ ನೆಲಕ್ಕೆ ನೆಟ್ಟಗೆ ಬರುವ ಹಾಗೆ ಗೆರೆ ಎಳೆದುಕೊಂಡೆ. ಒಂದು ಬದಿ ಓರೆಯಾಗಿ ತೆಗೆದು ಎರಡನ್ನೂ ಜೋಡಿಸಿ, ಅಲ್ಯೂಮಿನಿಯಂ ಪಟ್ಟಿಗಳನ್ನು ನಾಲ್ಕು ಬದಿಗೆ ಇಟ್ಟು, ಕೈ ಡ್ರಿಲ್ಲಿನಿಂದ ತೂತು ಕೊರೆದು ರಿವೆಟ್ ಹೊಡೆದೆ. ಉದ್ದ ಕಡಿಮೆಯಾದದ್ದಕ್ಕೆ ಹಿಮ್ಮಡಿಯಡಿ ರಬ್ಬರು ಸೇರಿಸಿದೆ. ತೊಡೆಗೆ ತೊಗಲಿನ ಪಟ್ಟಿ ಕಟ್ಟಿದೆ. ಮಳೆ ಬಂದು ನಿಂತು ಮತ್ತೆ ಬಂತು. ಮುಗಿದಾಗ ಅದು ಚಂದದ ಕಾಲಾಗಿ ಉಳಿದಿರಲಿಲ್ಲ. ಮೊಣಕಾಲು ಮುಂದಕ್ಕೆ ಚಾಚಿಕೊಂಡು, ಸೀರೆಯಡಿಯಿಂದಲೂ ಎದ್ದು ಕಾಣುತ್ತಿತ್ತು.

ಆದರೆ ಟೀಚರ್ ನಿಂತರು. ಒಂದು ಕೈ ನನ್ನ ಹೆಗಲ ಮೇಲೆ, ಇನ್ನೊಂದು ಕೈಯಲ್ಲಿ ಕೋಲು. ಜಗಲಿಯ ಈ ತುದಿಯಿಂದ ಆ ತುದಿಗೆ ಕುಂಟುತ್ತ ನಡೆದರು. ತಿರುಗಿದರು. ನನ್ನ ಹೆಗಲು ಬಿಟ್ಟರು. ಹೊಲಿಗೆ ಮೆಷಿನಿನ ಮುಂದೆ ಕೂತಿದ್ದ ಅಕ್ಕ ಎದ್ದು ಒಳಗೆ ಹೋದರು.

ನೀರು ಕೇಳುವ ನೆವದಲ್ಲಿ ನಾನೂ ಒಳಗೆ ಹೋದೆ. ಅವರು ಒಲೆಯ ಮುಂದೆ ಕಣ್ಣೊರೆಸಿಕೊಳ್ಳುತ್ತಿದ್ದರು.

"ನಾಳೆ ಶಾಲೆಗೆ ರಿಕ್ಷಾ ಹೇಳಿ ಅಕ್ಕ. ಮೊದಲ ದಿನ ನಡೀಲಿಕ್ಕೆ ಬಿಡ್ಬೇಡಿ. ಕ್ಲಾಸಲ್ಲಿ ನಿಂತ್ರೆ ಸಾಕು" ಎಂದೆ.

"ಎಂತ ಶಾಲೆ ಅಣ್ಣ? ಅವಳ ಜಾಗಕ್ಕೆ ಬೇರೆಯವರು ಬಂದಾಯ್ತು. ಹೋದ ವಾರವೇ. ಇಲ್ಲೇ ಪಕ್ಕದ ಮನೆಯಲ್ಲಿ ರೂಮ್ ಮಾಡಿದ್ದಾರೆ."

"ನನಗ್ಯಾಕೆ ಹೇಳ್ಲಿಲ್ಲ? ಒಂದು ಕಾರ್ಡು ಹಾಕ್ಬಹುದಿತ್ತಲ್ಲ."

"ಅವಳೇ ಬೇಡ ಅಂದ್ಲು. ಅವರು ಪಾಪ ನನಗೋಸ್ಕರ ಮೂರು ಸಲ ಮಾಡಿದ್ದಾರೆ, ಬರ್ಲಿ, ನಾನು ಒಮ್ಮೆ ನಿಂತು ತೋರಿಸ್ತೇನೆ ಅಂತ."

ಹೊರಗೆ ಕೋಲಿನ ಸದ್ದು ಕೇಳುತ್ತಿತ್ತು. ಟೀಚರ್ ಇನ್ನೂ ನಡೆಯುತ್ತಲೇ ಇದ್ದರು. ನಾನು ಬಂದು ಹತಾರಗಳನ್ನು ಒಂದೊಂದಾಗಿ ಚೀಲಕ್ಕೆ ತುಂಬಿದೆ. ಏನಾದರೂ ಮಾತಾಡಬೇಕೆಂದು, ರೋಗಿಗಳಿಗೆ ಯಾವಾಗಲೂ ಹೇಳುವುದನ್ನೇ ಹೇಳಿದೆ: "ದಿನಾ ನಡೀಬೇಕು ಟೀಚರ್. ಬಿಟ್ರೆ ಕಾಲು ಮತ್ತೆ ಬಿಗೀತದೆ. ಬೆಳಗ್ಗೆ ಸ್ವಲ್ಪ, ಸಂಜೆ ಸ್ವಲ್ಪ."

ಅವರು ಕಂಬಕ್ಕೆ ಒರಗಿ ನಿಂತರು. ಅಕ್ಕ ಹೇಳಿದ್ದು ಅವರಿಗೆ ಗೊತ್ತಾಗಿತ್ತು ಎಂದು ಕಾಣುತ್ತದೆ.

"ನಡೀತೇನೆ. ಎಲ್ಲಿಗೆ ಅಂತ ಹೇಳಿ" ಎಂದರು. ಸಿಟ್ಟಿನಿಂದಲ್ಲ, ನಿಜವಾಗಿ ಕೇಳುವವರ ಹಾಗೆಯೇ ಕೇಳಿದರು. ನಾನು ಚೀಲದ ಬಾಯಿ ಕಟ್ಟಿದೆ.

ಹಿಂದಿರುಗುವ ದಾರಿಯುದ್ದಕ್ಕೂ ಮಳೆ. ಪೆಟ್ಟಿಗೆ ಖಾಲಿ, ಗಾಡಿ ಹಗುರವಾಗಿ ಓಡುತ್ತಿತ್ತು. ಮೈಗೆ ಎಲ್ಲೂ ನೋವಿರಲಿಲ್ಲ, ಅದನ್ನೇ ಸಹಿಸಲಾಗಲಿಲ್ಲ. ಬಿಕರ್ನಕಟ್ಟೆಗೆ ಹೋಗಿ ನರ್ಸಮ್ಮನಿಗೆ ಕೀಲಿ ಕೊಟ್ಟೆ. "ಕಾಲು ಕೂತಿತಾ?" ಎಂದು ಕೇಳಿದರು. ನಡೆದದ್ದನ್ನೆಲ್ಲ ಹೇಳಿದೆ. ಅವರು ಮಳೆಯಲ್ಲಿ ನೆನೆಯುತ್ತಿದ್ದ ಗಾಡಿಯನ್ನು ನೋಡುತ್ತ ಬಾಗಿಲಿನಲ್ಲೇ ನಿಂತರು. ಕೀಲಿಯನ್ನು ನನ್ನ ಕೈಗೇ ವಾಪಸು ಇಟ್ಟು, "ಉಳಿದವರು ಇದ್ದಾರಲ್ಲ, ಅವರದ್ದು ಕೊಂಡುಹೋಗಿ" ಎಂದರು.

ಆ ಮಳೆಗಾಲದಲ್ಲಿ ಉಳಿದ ಕಾಲುಗಳನ್ನೂ ಅದೇ ಗಾಡಿಯಲ್ಲಿ ಒಯ್ದೆ. ಕೆಲವರು ನಡೆದರು, ಒಬ್ಬಿಬ್ಬರು ಒಲ್ಲೆನೆಂದು ಮೂಲೆಗಿಟ್ಟರು. ಮಳೆ ಹಿಂದೆ ಸರಿದ ಮೇಲೆ ಟೀಚರ ಕಾಲು ನೋಡಿಬರಲು ಹೋದೆ. ಅವರಿಗೆ ಎಲ್ಲೂ ಕೆಲಸ ಸಿಕ್ಕಿರಲಿಲ್ಲ. ಮುಖ ಬತ್ತಿತ್ತು, ಮಾತು ಕಡಿಮೆಯಾಗಿತ್ತು. ಅವರು ಒಳಗೆ ಹೋಗಿ ಮಲಗಿದ ಮೇಲೆ ಕಾಲನ್ನು ಮಗುಚಿ ನೋಡಿದೆ. ಬಳಸದೆ ಹೊಸದರ ಹಾಗೆಯೇ ಇರುತ್ತದೆ ಎಂದುಕೊಂಡಿದ್ದೆ. ಹಿಮ್ಮಡಿಯ ರಬ್ಬರು ಸವೆದು ಒಳಗಿನ ಬಟ್ಟೆ ಕಾಣುತ್ತಿತ್ತು. ಹೊಲದಲ್ಲಿ ದುಡಿಯುವವರ ಕಾಲೂ ಅಷ್ಟು ಬೇಗ ಹಾಗೆ ಸವೆದದ್ದನ್ನು ನಾನು ಕಂಡಿರಲಿಲ್ಲ.

"ಇಷ್ಟು ಎಲ್ಲಿಗೆ ನಡೀತಾರೆ?" ಎಂದು ಅಕ್ಕನನ್ನು ಕೇಳಿದೆ.

"ಎಲ್ಲಿಗೂ ಇಲ್ಲ. ಬೆಳಗ್ಗೆ ಶಾಲೆಯ ಗಂಟೆ ಕೇಳಿದ ಕೂಡ್ಲೇ ಏಳ್ತಾಳೆ. ಇಲ್ಲೇ ಅಂಗಳಕ್ಕೆ ಸುತ್ತು ಬರ್ತಾಳೆ. ಊಟದ ಗಂಟೆಗೆ ಕೂತ್ಕೊಳ್ತಾಳೆ, ಮತ್ತೆ ಏಳ್ತಾಳೆ. ಬಿಡುವ ಗಂಟೆ ಹೊಡಿಯುವವರೆಗೆ. ಹೇಳಿದ್ರೆ ಕೇಳುದಿಲ್ಲ."

ಅಂಗಳದಲ್ಲಿ ಹುಲ್ಲು ಹಸುರಾಗಿ ಬೆಳೆದಿತ್ತು. ಅದರ ನಡುವೆ, ಮನೆಯ ಗೋಡೆಯನ್ನು ಬಿಟ್ಟು ಒಂದು ಮಾರು ಆಚೆಗೆ, ಕೆಂಪು ಮಣ್ಣಿನ ಒಂದು ಸುತ್ತು ಬೋಳಾಗಿತ್ತು.

ಜಗಲಿಯಲ್ಲಿ ಕೂತು ಹಳೆಯ ರಬ್ಬರು ಕಿತ್ತು ಹೊಸದನ್ನು ಅಂಟಿಸಿದೆ. ಅಂಟು ಒಣಗುವವರೆಗೆ ಒತ್ತಿ ಹಿಡಿದುಕೊಂಡೆ. ಮುಂದಿನ ಸಲಕ್ಕೆಂದು ಇನ್ನೊಂದು ತುಂಡನ್ನು ಅದೇ ಅಳತೆಗೆ ಕತ್ತರಿಸಿ, ಅಂಟಿನ ಡಬ್ಬಿಯ ಜೊತೆ ಅಕ್ಕನ ಕೈಗೆ ಕೊಟ್ಟು ಹೊರಟೆ.